ಆರು ವರ್ಷ ಬ್ರೌನ್ ಶುಗರ್, ಈಗ ಮನೆಗೆ ಬಂದಿದ್ದಾನೆ. ಮೈಯಲ್ಲಿ ಏನೇನು ಕೆಟ್ಟಿರಬಹುದು?

ತೋಟದಮನೆ
ನಾವು ತೀರ್ಥಹಳ್ಳಿ ಕಡೆಯವರು. ಚಿಕ್ಕಪ್ಪನ ಮಗನ ವಿಷಯ ಇದು. ವಯಸ್ಸು 29. ಹೋಟೆಲ್ ಕೆಲಸಕ್ಕೆ ಅಂತ ಮುಂಬೈಗೆ ಹೋದವನು ಆರು ವರ್ಷ ಬ್ರೌನ್ ಶುಗರ್‌ಗೆ ಸಿಕ್ಕಿಬಿದ್ದಿದ್ದ. ಮೊದಲು ಫಾಯಿಲ್ ಮೇಲಿಟ್ಟು ಹೊಗೆ ಎಳೆಯುತ್ತಿದ್ದನಂತೆ. ಕೊನೆಯ ಒಂದೂವರೆ ವರ್ಷ ಸೂಜಿ. ಒಂದು ತಿಂಗಳು ವ್ಯಸನಮುಕ್ತಿ ಕೇಂದ್ರದಲ್ಲಿದ್ದು ಹೋದ ವಾರ ಮನೆಗೆ ಬಂದ. ಮುಟ್ಟದೆ ಐದು ವಾರ ಆಯಿತು.

ಮನೆಯಲ್ಲಿ ಎಲ್ಲರೂ "ಬಿಟ್ಟಾಯ್ತಲ್ಲ, ಇನ್ನೇನು" ಅನ್ನುತ್ತಾರೆ. ಚಿಕ್ಕಮ್ಮ ಸಿಗಂದೂರಿಗೆ ಹರಕೆ ಹೊತ್ತಿದ್ದಾರೆ. ಊರಲ್ಲಿ ಕೇಳಿದವರಿಗೆ ಕಾಮಾಲೆ ಆಗಿತ್ತು ಅಂತ ಹೇಳಿದ್ದೇವೆ. ನನಗೆ ಮಾತ್ರ ಸಮಾಧಾನ ಇಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ನೋಡಿದರೆ ಜಗಲಿಯಲ್ಲಿ ಒಬ್ಬನೇ ಕೂತಿರುತ್ತಾನೆ. ತೋಟದ ಏರು ಹತ್ತಿದರೆ ಏದುಸಿರು. ಸಂಡಾಸು ಸರಿಯಾಗಿ ಆಗುವುದಿಲ್ಲ. ಹಲ್ಲು ಅರ್ಧಕ್ಕರ್ಧ ಹಾಳಾಗಿವೆ, ಅದೂ ನೋವು ಶುರುವಾಗಿದ್ದು ಬಿಟ್ಟ ಮೇಲೆ. ಎಡಗೈಯಲ್ಲಿ ನರವೇ ಸಿಗುತ್ತಿಲ್ಲ ಅಂತ ಆ ಕೇಂದ್ರದಲ್ಲಿ ರಕ್ತವನ್ನೂ ತೆಗೆಯದೆ ಕಳಿಸಿದ್ದಾರೆ.

ಇಷ್ಟು ವರ್ಷದ ಹೆರಾಯಿನ್ ಮೈಯಲ್ಲಿ ಏನು ಮಾಡಿರುತ್ತದೆ? ಯಾವುದು ತಾನಾಗಿ ಸರಿಹೋಗುತ್ತದೆ, ಯಾವುದು ಹೋಗುವುದಿಲ್ಲ? ಯಾವ ಟೆಸ್ಟ್ ಮಾಡಿಸಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಹೊಳೆದಂಡೆ
ಬ್ರೌನ್ ಶುಗರ್ ಅಂದರೆ ಹೆರಾಯಿನ್ನೇನಾ? ಗಾಂಜಾದ ಇನ್ನೊಂದು ಹೆಸರು ಅಂದುಕೊಂಡಿದ್ದೆ.

ಮಾತ್ರೆ ಡಬ್ಬಿ
ಅಲ್ಲ, ಎರಡಕ್ಕೂ ಸಂಬಂಧವೇ ಇಲ್ಲ. ಶಿವಮೊಗ್ಗದಲ್ಲಿ ಔಷಧಿ ಅಂಗಡಿ ಇಟ್ಟು 18 ವರ್ಷ ಆಯಿತು, ಅಷ್ಟರ ಮಟ್ಟಿಗೆ ಹೇಳುತ್ತೇನೆ. ಗಸಗಸೆ ಗಿಡದ ಹಸಿ ಕಾಯಿಯನ್ನು ಗೀರಿದರೆ ಬರುವ ಹಾಲು ಅಫೀಮು. ಅದರಿಂದ ಮಾರ್ಫಿನ್, ಮಾರ್ಫಿನ್‌ನಿಂದ ಹೆರಾಯಿನ್. 1874ರಲ್ಲಿ ಲಂಡನ್ನಿನಲ್ಲಿ ಮೊದಲು ತಯಾರಾಯಿತು. 1898ರಲ್ಲಿ ಬೇಯರ್ ಕಂಪನಿ ಅದನ್ನು ಕೆಮ್ಮಿನ ಔಷಧಿ ಅಂತ ಮಾರಾಟಕ್ಕೆ ಇಟ್ಟಿತ್ತು. ಒಳಗೆ ಹೋದ ಕೆಲವೇ ನಿಮಿಷದಲ್ಲಿ ಅದು ಮತ್ತೆ ಮಾರ್ಫಿನ್ ಆಗುತ್ತದೆ. ಬೀದಿಯಲ್ಲಿ ಸಿಗುವ ಬ್ರೌನ್ ಶುಗರ್ ಶುದ್ಧ ಮಾಡದ, ಏನೇನೋ ಬೆರೆಸಿದ ಹೆರಾಯಿನ್. ಏನು ಬೆರೆಸಿದ್ದಾರೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ.

ಕುಂದಾದ್ರಿ
ನಮ್ಮ ಕಡೆ ಇದೆಲ್ಲ ಇರಲಿಲ್ಲ ಮಾರಾಯ್ರೆ. ಓದಿಗೆ, ಕೆಲಸಕ್ಕೆ ಅಂತ ದೊಡ್ಡ ಊರಿಗೆ ಕಳಿಸಿದ್ದೇ ತಪ್ಪು. ಈಗ ಟೆಸ್ಟ್ ಗಿಸ್ಟ್ ಅಂತ ತಲೆ ಕೆಡಿಸಿಕೊಳ್ಳುವ ಬದಲು ತೋಟದಲ್ಲಿ ಕೆಲಸ ಕೊಡಿ. ಬೆವರು ಸುರಿದರೆ ವಿಷ ಎಲ್ಲ ಹೊರಗೆ ಹೋಗುತ್ತದೆ.

ರಾತ್ರಿ ಪಾಳಿ
ಕುಂದಾದ್ರಿಯವರೇ, ಹೆರಾಯಿನ್ ಕೆಲವು ದಿನದಲ್ಲೇ ಮೈಯಿಂದ ಹೊರಗೆ ಹೋಗಿಯಾಗಿದೆ. ಬೆವರಿನಲ್ಲಿ ಹೋಗುವಂಥದ್ದು ಈಗ ಏನೂ ಉಳಿದಿಲ್ಲ. ಉಳಿದಿರುವುದು ಅದು ಮಾಡಿಟ್ಟ ಗಾಯ.

ತೋಟದಮನೆ, ನಾನು ನರ್ಸ್. ವಾರ್ಡಿನಲ್ಲಿ ಇಂಥ ಹುಡುಗರನ್ನು ನೋಡಿದ್ದೇನೆ. ಸೂಜಿ ಅಂದಿರಲ್ಲ, ನನಗೆ ಎಲ್ಲಕ್ಕಿಂತ ಹೆದರಿಕೆ ಅಲ್ಲೇ. ಮೊದಲು ಹೆಪಟೈಟಿಸ್ ಸಿ, ಹೆಪಟೈಟಿಸ್ ಬಿ, ಎಚ್‌ಐವಿ ಮೂರೂ ಟೆಸ್ಟ್ ಮಾಡಿಸಿ. ಹೆಪಟೈಟಿಸ್ ಸಿ ಇದ್ದರೆ ಎಷ್ಟೋ ವರ್ಷ ಏನೂ ಗೊತ್ತಾಗುವುದಿಲ್ಲ. ಒಳಗೊಳಗೇ ಲಿವರ್ ಗಟ್ಟಿಯಾಗುತ್ತಾ ಹೋಗುತ್ತದೆ. ಗೊತ್ತಾಗುವ ಹೊತ್ತಿಗೆ ಹೊಟ್ಟೆಯಲ್ಲಿ ನೀರು ತುಂಬಿರುತ್ತದೆ. ನೀವು ಊರಿಗೆ ಸುಳ್ಳಾಗಿ ಹೇಳಿದ ಕಾಮಾಲೆ ನಿಜವಾಗದಿರಲಿ.

ಎರಡನೆಯದು ಹೃದಯ. ಕೊಳಕು ಸೂಜಿಯಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಹೋಗಿ ಹೃದಯದ ಕವಾಟದ ಮೇಲೆ ಕೂರುತ್ತದೆ. ಸೂಜಿ ಚುಚ್ಚಿಕೊಳ್ಳುವವರಲ್ಲಿ ಬಲಗಡೆಯ ಕವಾಟಕ್ಕೆ ಜಾಸ್ತಿ. ಅಲ್ಲಿಂದ ಚೂರುಗಳು ಕಿತ್ತು ಶ್ವಾಸಕೋಶಕ್ಕೆ ಹೋಗುತ್ತವೆ. ಒಬ್ಬ ಹುಡುಗನಿಗೆ ಮೂರು ವಾರ ಜ್ವರ. ಮಳೆಗಾಲ ಅಂತ ಮನೆಯವರು ಡೆಂಗಿ, ಇಲಿಜ್ವರ, ಮಂಗನ ಕಾಯಿಲೆ ಎಲ್ಲಾ ಟೆಸ್ಟ್ ಮಾಡಿಸಿದ್ದರು. ಸೂಜಿಯ ವಿಷಯ ಮಾತ್ರ ಡಾಕ್ಟರಿಗೆ ಹೇಳಿರಲಿಲ್ಲ. ನಾಚಿಕೆ. ಹೇಳಿದ್ದರೆ ಮೊದಲ ದಿನವೇ ಎಕೋ, ಅಂದರೆ ಹೃದಯದ ಸ್ಕ್ಯಾನ್, ಆಗುತ್ತಿತ್ತು. ನಿಮ್ಮ ತಮ್ಮನಿಗೆ ಜ್ವರ ಬಂದು ಎರಡು ದಿನದಲ್ಲಿ ಬಿಡದಿದ್ದರೆ, ದಯವಿಟ್ಟು ಹಳೆಯದನ್ನು ಮುಚ್ಚಿಡಬೇಡಿ.

ಕೈಯ ನರಗಳು ಗಟ್ಟಿಯಾಗಿ ಮುಚ್ಚಿಹೋಗಿವೆ. ಅವು ಪೂರ್ತಿ ಮೊದಲಿನಂತೆ ಆಗುವುದು ಕಷ್ಟ. ಕಫದ ಟೆಸ್ಟ್ ಕೂಡ ಮಾಡಿಸಿ, ಟಿಬಿ ಇದೆಯಾ ನೋಡಲಿ.

ತೋಟದಮನೆ
ತುಂಬಾ ಥ್ಯಾಂಕ್ಸ್ ಅಕ್ಕ. ಅವನನ್ನು ಕೇಳಿದೆ. ಬೇರೆಯವರ ಸೂಜಿ ಎರಡೇ ಸಲ ಬಳಸಿದ್ದು ಅನ್ನುತ್ತಾನೆ.

ರಾತ್ರಿ ಪಾಳಿ
ಎರಡು ಸಲ ಸಾಕು. ಸೂಜಿ ಬೇರೆ ಇದ್ದರೂ ಚಮಚ, ನೀರು, ಹತ್ತಿ ಹಂಚಿಕೊಂಡಿದ್ದರೂ ಹೆಪಟೈಟಿಸ್ ಸಿ ಬರುತ್ತದೆ. ಆದರೆ ಇದಕ್ಕೆ ಮದ್ದಿದೆ. ಬಹುತೇಕರಿಗೆ 12 ವಾರ ಮಾತ್ರೆ ನುಂಗಿದರೆ ಸಾಕು, ನೂರರಲ್ಲಿ 95 ಜನಕ್ಕೆ ವಾಸಿಯಾಗುತ್ತದೆ. 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಉಚಿತ. ಹೆಪಟೈಟಿಸ್ ಬಿ ಇಲ್ಲ ಅಂತ ಬಂದರೆ ಲಸಿಕೆ ಹಾಕಿಸಿ. ಎಚ್‌ಐವಿ ಈಗ ನೆಗೆಟಿವ್ ಬಂದರೂ ಮೂರು ತಿಂಗಳ ಮೇಲೆ ಇನ್ನೊಮ್ಮೆ ನೋಡಬೇಕು.

ಸಾಗರದ ಸೊಸೆ
ವಿಷಯಾಂತರಕ್ಕೆ ಕ್ಷಮಿಸಿ. ಗಸಗಸೆ ಗಿಡದಿಂದ ಅಂತ ಬರೆದಿದ್ದಾರಲ್ಲ, ನಾವು ಪಾಯಸ ಮಾಡುವ ಗಸಗಸೆಯೇನಾ? ಹಬ್ಬದ ಊಟ ಆದ ಮೇಲೆ ಗಸಗಸೆ ಪಾಯಸ ಕುಡಿದು ಮನೆಯವರೆಲ್ಲ ಸಂಜೆವರೆಗೆ ಮಲಗುತ್ತೇವೆ. ಮಕ್ಕಳಿಗೂ ಕೊಡುತ್ತೇವೆ. ಈಗ ಭಯ ಆಗುತ್ತಿದೆ.

ಮಾತ್ರೆ ಡಬ್ಬಿ
ಅದೇ ಗಿಡ. ಆದರೆ ಮತ್ತಿನ ಅಂಶ ಕಾಯಿಯ ಹಾಲಿನಲ್ಲಿರುತ್ತದೆ, ಒಣಗಿದ ಬೀಜದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದಲ್ಲಿ ಲೈಸೆನ್ಸ್ ಇದ್ದವರು ಬೆಳೆಯುತ್ತಾರೆ. ಪಾಯಸ ನಿಶ್ಚಿಂತೆಯಿಂದ ಕುಡಿಯಿರಿ.

ಕಾನುಮನೆ
ದುಬೈಗೆ ಹೋಗುವವರು ಮಾತ್ರ ಬ್ಯಾಗಿನಲ್ಲಿ ಗಸಗಸೆ ಇಟ್ಟುಕೊಳ್ಳಬೇಡಿ. ಅಲ್ಲಿ ನಿಷೇಧ. ನಮ್ಮ ಭಾವನಿಗೆ ಅತ್ತೆ ಕಟ್ಟಿಕೊಟ್ಟಿದ್ದನ್ನು ಹೊರಡುವ ಹಿಂದಿನ ರಾತ್ರಿ ತೆಗೆಸಿದೆವು.

ಹೊಳೆದಂಡೆ
ಹೌದು, ಗಸಗಸೆ ತಿಂದವರ ಮೂತ್ರದ ಟೆಸ್ಟ್ ಪಾಸಿಟಿವ್ ಬರುವುದೂ ಉಂಟು ಅಂತ ಓದಿದ್ದೇನೆ. ಸರಿ, ಮೂಲ ವಿಷಯಕ್ಕೆ ಬರೋಣ. ಆ ಹುಡುಗನಿಗೆ ನಿದ್ದೆ ಯಾಕೆ ಬರುತ್ತಿಲ್ಲ? ಐದು ವಾರ ಆಯಿತಲ್ಲ?

ಎರಡನೇ ಮಳೆ
ಇದಕ್ಕೆ ನಾನು ಉತ್ತರ ಹೇಳುತ್ತೇನೆ. ಬೆಂಗಳೂರಿನಲ್ಲಿ ಎಂಟು ವರ್ಷ ಇದೇ ಪುಡಿಯಲ್ಲಿ ಕಳೆದವನು ನಾನು. ಈಗ ಸಾಗರದ ಹತ್ತಿರ ಊರಿನಲ್ಲಿದ್ದೇನೆ.

ಬಿಟ್ಟ ಮೊದಲ ವಾರದ ನರಳಾಟ ಎಲ್ಲರಿಗೂ ಗೊತ್ತು. ಕೊನೆಯ ಡೋಸ್ ಆಗಿ ಅರ್ಧ ದಿನದೊಳಗೆ ಶುರು, ಎರಡು ಮೂರನೇ ದಿನ ಜೋರು, ವಾರಕ್ಕೆ ಇಳಿಯುತ್ತದೆ. ವಾಂತಿ, ಭೇದಿ, ಮೂಳೆಯೊಳಗೆ ಚಳಿ. ಮನೆಯವರು ಅದನ್ನು ನೋಡಿ, ಮುಗಿಯಿತು ಅಂದುಕೊಳ್ಳುತ್ತಾರೆ. ನನಗೆ ನಿಜವಾದ ಕಷ್ಟ ಆಮೇಲೆ ಬಂದಿದ್ದು. ಯಾವುದರಲ್ಲೂ ಖುಷಿ ಇಲ್ಲ. ಅಮ್ಮ ಹಲಸಿನ ಹಣ್ಣಿನ ಕಡುಬು ಮಾಡಿ ತುಪ್ಪ ಹಾಕಿ ಕೊಟ್ಟಳು. ಬಾಯಲ್ಲಿಟ್ಟರೆ ಕಾಗದ ಅಗಿದ ಹಾಗೆ. ಮೊದಲ ಮಳೆಗೆ ಮಣ್ಣಿನ ವಾಸನೆ ಬಂತು ಅಂತ ತಂಗಿ ಹೇಳಿದಳು, ನನಗೆ ಅದು ಏನೂ ಅನ್ನಿಸಲಿಲ್ಲ. ಇಷ್ಟು ವರ್ಷ ಖುಷಿಯನ್ನು ಹೊರಗಿನಿಂದ ಸುರಿದು ಸುರಿದು, ಮೆದುಳು ತಾನಾಗಿ ಮಾಡುವ ಕೆಲಸ ಮರೆತಿರುತ್ತದೆ ಅಂತ ಡಾಕ್ಟರ್ ಹೇಳಿದರು. ನೋವೂ ಜಾಸ್ತಿ ಗೊತ್ತಾಗುತ್ತದೆ. ನಿದ್ದೆ ಸರಿಹೋಗಲು ನನಗೆ ಏಳೆಂಟು ತಿಂಗಳು ಬೇಕಾಯಿತು. ಕಡುಬಿನ ರುಚಿ ತಿರುಗಿ ಬಂದಿದ್ದು ಮುಂದಿನ ವರ್ಷ.

ಜಗಲಿಯಲ್ಲಿ ಕೂತಿದ್ದರೆ ಬೈಯಬೇಡಿ. ಒಂದು ಕಂಬಳಿ ಕೊಟ್ಟು ನೀವೂ ಸ್ವಲ್ಪ ಹೊತ್ತು ಕೂತುಕೊಳ್ಳಿ.

ತೋಟದಮನೆ
ಇದನ್ನು ಚಿಕ್ಕಮ್ಮನಿಗೆ ಓದಿ ಹೇಳಿದೆ. "ಮಾಡಿದ್ದು ಯಾವುದೂ ಅವನಿಗೆ ಸೇರುವುದಿಲ್ಲ" ಅಂತ ದಿನಾ ಕಣ್ಣೀರು ಹಾಕುತ್ತಿದ್ದರು. ಈಗ ಸ್ವಲ್ಪ ಅರ್ಥ ಆಯಿತು.

ಮಾತ್ರೆ ಡಬ್ಬಿ
ಹಲ್ಲಿನ ವಿಷಯ ಯಾರೂ ಹೇಳಲಿಲ್ಲ. ಬಾಯಿ ಒಣಗುವುದು, ಸಿಹಿ ತಿನ್ನುವ ಚಪಲ, ಉಜ್ಜದೆ ಬಿಡುವುದು, ಎಲ್ಲಾ ಸೇರಿ ಹಲ್ಲು ಹಾಳಾಗುತ್ತದೆ. ಹೆರಾಯಿನ್ ಇರುವಾಗ ನೋವು ಗೊತ್ತಾಗುವುದಿಲ್ಲ, ಅದಕ್ಕೇ ಬಿಟ್ಟ ಮೇಲೆ ಶುರು. ಇಲ್ಲಿ ಒಂದು ಎಚ್ಚರಿಕೆ. ಹಲ್ಲುನೋವಿಗೆ ಅಂತ ಟ್ರಮಡಾಲ್, ಟಪೆಂಟಡಾಲ್ ಮಾತ್ರೆ ಕೊಡಿಸಬೇಡಿ. ಅವೂ ಅದೇ ಜಾತಿ. ಟ್ರಮಡಾಲ್ 2018ರಿಂದ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯಡಿ ಇದೆ. ಹಲ್ಲಿನ ಡಾಕ್ಟರಿಗೆ ಮೊದಲೇ ಹಿನ್ನೆಲೆ ಹೇಳಿ.

ಹೊಟ್ಟೆಯ ಸಮಸ್ಯೆಯೂ ಅದರದ್ದೇ. ಮತ್ತಿಗೆ ಮೈ ಒಗ್ಗಿಕೊಳ್ಳುತ್ತದೆ, ಕರುಳು ಮಾತ್ರ ಒಗ್ಗುವುದಿಲ್ಲ. ಐದು ವಾರ ಆದರೂ ಸರಿಯಾಗಿಲ್ಲ ಅಂದರೆ ತೋರಿಸಿ. ಗಂಡಸರಲ್ಲಿ ಹಾರ್ಮೋನ್ ಕಡಿಮೆಯಾಗಿ ಸುಸ್ತು, ಮೂಳೆ ಸವೆತ ಆಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಲ್ಲುತ್ತದೆ. ಬಿಟ್ಟ ಮೇಲೆ ಹಾರ್ಮೋನ್ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ.

ಕಾನುಮನೆ
ಏದುಸಿರಿನ ಬಗ್ಗೆ: ವರ್ಷಗಟ್ಟಲೆ ಹೊಗೆ ಎಳೆದವರ ಶ್ವಾಸಕೋಶ ಚಿಕ್ಕ ವಯಸ್ಸಿಗೇ ಮುದುಕರ ಹಾಗೆ ಆಗಿರುತ್ತದೆ. ಬೀಡಿ ಸಿಗರೇಟೂ ಇತ್ತು ಅಂದರೆ ಇನ್ನೂ ಜಾಸ್ತಿ. ಮಲೆನಾಡಿನ ಈ ಥಂಡಿಗೆ, ಹಂಡೆ ಒಲೆಯ ಹೊಗೆಗೆ ಅವನನ್ನು ದೂರ ಇಡಿ. ಅಪರೂಪಕ್ಕೆ ಮೆದುಳಿನ ಬಿಳಿ ಭಾಗವೇ ಹಾಳಾಗುವುದುಂಟು. ಫಾಯಿಲ್ ಮೇಲೆ ಸುಟ್ಟು ಎಳೆದವರಲ್ಲಿ 1982ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಾಕ್ಟರುಗಳು ಇದನ್ನು ವರದಿ ಮಾಡಿದ್ದರು. ಮಾತು ತೊದಲುವುದು, ನಡೆಯುವಾಗ ವಾಲುವುದು ಇದೆಯಾ ಗಮನಿಸಿ.

ತೋಟದಮನೆ
ತೊದಲು, ವಾಲು ಏನೂ ಇಲ್ಲ. ನಡಿಗೆ ಸರಿ ಇದೆ.

ಕುಂದಾದ್ರಿ
ನಾನು ಕೆಟ್ಟದ್ದು ಬಯಸಿ ಹೇಳಿದ್ದಲ್ಲ. ಜಾಗ ಬದಲಾದರೆ ಚಟ ಬಿಡುತ್ತದೆ ಅನ್ನುವುದು ಸುಳ್ಳೇನಲ್ಲ. ವಿಯೆಟ್ನಾಂ ಯುದ್ಧದಲ್ಲಿ ಎಷ್ಟೋ ಅಮೆರಿಕದ ಸೈನಿಕರು ಹೆರಾಯಿನ್‌ಗೆ ಬಿದ್ದಿದ್ದರು. ಊರಿಗೆ ಬಂದ ಮೇಲೆ ಹೆಚ್ಚಿನವರು ಬಿಟ್ಟರು. ಲೀ ರಾಬಿನ್ಸ್ ಎಂಬ ಸಂಶೋಧಕಿ ಅವರನ್ನು ಹುಡುಕಿಕೊಂಡು ಹೋಗಿ ದಾಖಲಿಸಿದ್ದಾರೆ.

ರಾತ್ರಿ ಪಾಳಿ
ಅದು ನಿಜ. ಇನ್ನೊಂದನ್ನೂ ಓದಿ. ಕ್ಯಾಲಿಫೋರ್ನಿಯಾದಲ್ಲಿ ಹೆರಾಯಿನ್ ಚಟದ 581 ಗಂಡಸರನ್ನು 33 ವರ್ಷ ಹಿಂಬಾಲಿಸಿದ್ದರು. ಕೊನೆಗೆ ನೋಡಿದಾಗ 284 ಜನ ತೀರಿಹೋಗಿದ್ದರು. ಉಳಿದವರಲ್ಲೂ ಎಷ್ಟೋ ಜನ ಬಿಡುವುದು, ಮತ್ತೆ ಹಿಡಿಯುವುದು ಮಾಡುತ್ತಲೇ ಇದ್ದರು. ಊರಿಗೆ ಬಂದಿದ್ದು ಒಳ್ಳೆಯದಾಯಿತು. ಆದರೆ ಅಷ್ಟಕ್ಕೇ ನಂಬಿ ಕೂರಬಾರದು.

ದೀಪದ ಕಂಬ
ಇಷ್ಟು ಹೊತ್ತು ಓದುತ್ತಾ ಇದ್ದೆ. ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಬರೆಯುತ್ತೇನೆ.

ನನ್ನ ತಮ್ಮ ಹೀಗೇ ಬಂದಿದ್ದ. ಎರಡು ತಿಂಗಳು ಒಂದು ಕೇಂದ್ರದಲ್ಲಿದ್ದು, ಮೈ ಕೈ ತುಂಬಿಕೊಂಡು ಬಂದಿದ್ದ. ನಾವು ಸತ್ಯನಾರಾಯಣ ಪೂಜೆ ಮಾಡಿಸಿದೆವು. ಹನ್ನೊಂದನೇ ದಿನ ಯಾವುದೋ ಹಳೆಯ ಸ್ನೇಹಿತನನ್ನು ನೋಡಿ ಬರುತ್ತೇನೆ ಅಂತ ಪೇಟೆಗೆ ಹೋದ. ರಾತ್ರಿ ಬಂದು ಊಟ ಬೇಡ ಅಂತ ಮಲಗಿದ. ಜೋರಾಗಿ ಗೊರಕೆ ಹೊಡೆಯುತ್ತಿದ್ದ, ಗೊರಗೊರ ಅಂತ ನೀರಿನ ಶಬ್ದದ ಹಾಗೆ. ಅಪ್ಪ "ಪಾಪ, ಎಷ್ಟು ದಿನದ ಮೇಲೆ ಒಳ್ಳೆ ನಿದ್ದೆ" ಅಂದರು. ನಾನೂ ದೀಪ ಆರಿಸಿ ಬಂದೆ. ಬೆಳಿಗ್ಗೆ ಮೈ ತಣ್ಣಗಿತ್ತು.

ಆಮೇಲೆ ಒಬ್ಬ ಡಾಕ್ಟರ್ ಹೇಳಿದರು. ಹಳೆಯ ಚಟದಲ್ಲಿ ಮೈ ಎಷ್ಟು ತಡೆಯುತ್ತಿತ್ತೋ, ಎರಡು ತಿಂಗಳು ಬಿಟ್ಟ ಮೇಲೆ ಅದರ ಸ್ವಲ್ಪ ಭಾಗವನ್ನೂ ತಡೆಯುವುದಿಲ್ಲ. ಅವನು ತನ್ನ ಹಳೆಯ ಅಳತೆಯನ್ನೇ ತೆಗೆದುಕೊಂಡಿದ್ದ. ಉಸಿರಾಡು ಅಂತ ಹೇಳುವ ಮೆದುಳಿನ ಭಾಗವೇ ನಿದ್ದೆ ಹೋಯಿತು. ಇದನ್ನು ಆ ಕೇಂದ್ರದಲ್ಲಿ ಒಬ್ಬರೂ ನಮಗೆ ಹೇಳಿರಲಿಲ್ಲ. ಅವನಿಗೂ ಹೇಳಿರಲಿಲ್ಲ.

ತೋಟದಮನೆ, ನೀವು ಲಿವರ್, ಹಲ್ಲು ಎಲ್ಲಾ ನೋಡಿಸಿ. ಆದರೆ ಮೊದಲು ನೋಡಬೇಕಾದ್ದು ಇದು. ಅವನು ಈಗ ಚಟದಲ್ಲಿದ್ದಾಗಿನದಕ್ಕಿಂತ ಜಾಸ್ತಿ ಅಪಾಯದಲ್ಲಿದ್ದಾನೆ.

ಸಾಗರದ ಸೊಸೆ
ಓದಿ ಕೈ ನಡುಗಿತು. ಇದನ್ನು ಬರೆದಿದ್ದಕ್ಕೆ ಕೈ ಮುಗಿಯುತ್ತೇನೆ.

ಮಾತ್ರೆ ಡಬ್ಬಿ
ದೀಪದ ಕಂಬ ಹೇಳಿದ್ದು ಅಕ್ಷರಶಃ ಸತ್ಯ. ಜೊತೆಗೆ ಹೆಂಡ ಅಥವಾ ನಿದ್ದೆ ಮಾತ್ರೆ ಸೇರಿದರೆ ಕೇಳುವುದೇ ಬೇಡ. ನಿದ್ದೆ ಇಲ್ಲ ಅಂತ ಅವನಿಗೆ ಆಲ್ಪ್ರಜೋಲಮ್ ತರುವ ಯೋಚನೆ ಇದ್ದರೆ ಬಿಡಿ.

ಗುರುತು ಹೇಳುತ್ತೇನೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದು, ತುಟಿ ಉಗುರು ನೀಲಿ, ಕರೆದರೆ ಏಳುವುದಿಲ್ಲ, ಉಸಿರು ನಿಧಾನ ಅಥವಾ ಗೊರಗೊರ. ತಕ್ಷಣ 108ಕ್ಕೆ ಫೋನ್ ಮಾಡಿ. ಇದಕ್ಕೆ ನಾಲೋಕ್ಸೋನ್ ಅಂತ ಚುಚ್ಚುಮದ್ದಿದೆ, ಕೆಲವೇ ನಿಮಿಷದಲ್ಲಿ ಉಸಿರು ವಾಪಸ್ ಬರುತ್ತದೆ. ಅದರ ಪ್ರಭಾವ ಬೇಗ ಇಳಿಯುತ್ತದೆ, ಹಾಗಾಗಿ ಎದ್ದು ಕೂತರೂ ಆಸ್ಪತ್ರೆಯಲ್ಲೇ ಇರಬೇಕು.

ಕಾನುಮನೆ
108 ಅಂದಿರಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತದೆ. ಫೋನ್ ಮಾಡಲು ಗುಡ್ಡ ಹತ್ತಬೇಕು. ಮರ ಬಿದ್ದು ರಸ್ತೆ ಬಂದ್ ಆಗಿದ್ದರೆ ಆಂಬುಲೆನ್ಸ್ ಯಾವಾಗ ಬರುತ್ತದೆ? ಮನೆಯವರು ಏನು ಮಾಡಬೇಕು ಅದನ್ನು ಹೇಳಿ.

ರಾತ್ರಿ ಪಾಳಿ
ಉಸಿರು ಕೊಡಬೇಕು. ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಐದಾರು ಸೆಕೆಂಡಿಗೆ ಒಂದು ಉಸಿರು. ಎದೆ ಏಳುವುದು ಕಾಣಬೇಕು. ಜೀಪು ಸಿಗುವವರೆಗೂ, ಜೀಪಿನಲ್ಲೂ ನಿಲ್ಲಿಸಬೇಡಿ. ಉಸಿರಾಡುತ್ತಿದ್ದು ಎಚ್ಚರ ಇಲ್ಲದಿದ್ದರೆ ಮಗ್ಗುಲಿಗೆ ಹೊರಳಿಸಿ, ವಾಂತಿ ಗಂಟಲಿಗೆ ಹೋಗದಿರಲಿ. ತಣ್ಣೀರು ಸುರಿಯುವುದು, ಮಜ್ಜಿಗೆ ಕುಡಿಸುವುದು ಬೇಡವೇ ಬೇಡ.

ಎರಡನೇ ಮಳೆ
ಮತ್ತೆ ಬೀಳದ ಹಾಗೆ ಮಾಡಲು ಮಾತ್ರೆ ಇದೆ. ನಾನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗದಲ್ಲಿ ಶುರು ಮಾಡಿದೆ. ನಾಲಿಗೆ ಕೆಳಗೆ ಇಡುವ ಬುಪ್ರೆನಾರ್ಫಿನ್. ನಾಲ್ಕು ವರ್ಷ ಆಯಿತು. ಅಡಿಕೆ ಕೊಯ್ಲು, ಮದುವೆ ಮನೆ, ಎಲ್ಲಾ ಕಡೆ ಇದ್ದೇನೆ.

ಕುಂದಾದ್ರಿ
ಅದೂ ಅಫೀಮಿನ ಜಾತಿಯದ್ದೇ ಅಲ್ವಾ? ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದ ಹಾಗಾಯಿತು. ನಾಟಿ ಔಷಧಿ ನೋಡಬಹುದಲ್ಲ.

ಎರಡನೇ ಮಳೆ
ಸಾರ್, ಈ ಮಾತು ನಾಲ್ಕು ವರ್ಷದಿಂದ ಕೇಳುತ್ತಿದ್ದೇನೆ. ನನ್ನ ಅಪ್ಪ ಬಿಪಿ ಮಾತ್ರೆಯನ್ನು ದಿನಾ ನುಂಗುತ್ತಾರೆ, ಅದನ್ನು ಯಾರೂ ಚಟ ಅನ್ನುವುದಿಲ್ಲ. ಈ ಮಾತ್ರೆಯಲ್ಲಿ ನನಗೆ ಮತ್ತು ಬರುವುದಿಲ್ಲ, ಸೂಜಿ ಇಲ್ಲ, ಕಳ್ಳತನ ಇಲ್ಲ, ಸುಳ್ಳಿಲ್ಲ. ಇದನ್ನು ನಿಲ್ಲಿಸು ಅಂತ ಸಂಬಂಧಿಕರು ಒತ್ತಾಯ ಮಾಡಿದಾಗ ಒಮ್ಮೆ ನಿಲ್ಲಿಸಿದ್ದೆ. ಮೂರನೇ ವಾರ ಮತ್ತೆ ಪುಡಿ ಹುಡುಕಿಕೊಂಡು ಹೋಗಿದ್ದೆ. ಬದುಕಿದ್ದು ಅದೃಷ್ಟ.

ರಾತ್ರಿ ಪಾಳಿ
ನಾಟಿ ಔಷಧಿಯನ್ನು ನಾನು ಕೀಳು ಮಾಡುವುದಿಲ್ಲ. ಆದರೆ ಲಿವರ್ ಹೇಗಿದೆ ಅಂತ ಗೊತ್ತಾಗುವ ಮೊದಲು ಯಾವ ಕಷಾಯವೂ ಬೇಡ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗ ಇದೆ. ಹೋಗುವ ಮೊದಲು ಮಾತಾಡಬೇಕು ಅಂದರೆ 14446 ವ್ಯಸನಮುಕ್ತಿ ಸಹಾಯವಾಣಿ, 14416 ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.

ಹೊಳೆದಂಡೆ
ಆಸ್ಪತ್ರೆಯಲ್ಲಿ ನಿಜ ಹೇಳಿದರೆ ಪೊಲೀಸ್ ಕೇಸ್ ಆಗುವುದಿಲ್ಲವಾ? ಹೆಚ್ಚಿನವರು ಹೋಗದೆ ಇರುವುದು ಅದಕ್ಕೇ.

ಮಾತ್ರೆ ಡಬ್ಬಿ
1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಸೆಕ್ಷನ್ ಇದೆ. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ, ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಿನಿಂದ ರಕ್ಷಣೆ. ಚಿಕಿತ್ಸೆ ಪೂರ್ತಿ ಮಾಡಬೇಕು. ವ್ಯಾಪಾರ ಮಾಡಿದವರಿಗೆ ಇದು ಅನ್ವಯಿಸುವುದಿಲ್ಲ.

ತೋಟದಮನೆ
ಹನ್ನೆರಡು ದಿನ ಆಯಿತು, ಬರೆಯಲು ಆಗಿರಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಅವನನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋಗಿದ್ದೆ. ಗಾಜನೂರು ದಾಟುವಾಗ "ವಾಪಸ್ ಹೋಗೋಣ ಅಣ್ಣ" ಅಂದ. ಏನೂ ಹೇಳದೆ ಕೈ ಹಿಡಿದುಕೊಂಡೆ. ಡಾಕ್ಟರ ಮುಂದೆ ಎಲ್ಲಾ ಅವನೇ ಹೇಳಿದ. ಎಚ್‌ಐವಿ ನೆಗೆಟಿವ್. ಹೆಪಟೈಟಿಸ್ ಬಿ ಇಲ್ಲ, ಲಸಿಕೆಯ ಮೊದಲ ಡೋಸ್ ಆಯಿತು. ಹೆಪಟೈಟಿಸ್ ಸಿ ಪಾಸಿಟಿವ್. ವೈರಸ್ ಈಗಲೂ ಇದೆಯಾ ಅಂತ ನೋಡಲು ಇನ್ನೊಂದು ಟೆಸ್ಟಿಗೆ ಕಳಿಸಿದ್ದಾರೆ. ಎಕೋದಲ್ಲಿ ಹೃದಯ ಚೆನ್ನಾಗಿದೆ. ರಕ್ತವನ್ನು ಪಾದದಿಂದ ತೆಗೆದರು. ಲಿವರ್ ರಿಪೋರ್ಟ್ ನೋಡಿ ಯಾವ ಮಾತ್ರೆ ಅಂತ ಹೇಳುತ್ತಾರಂತೆ. ಮಾತ್ರೆಗೆ ದೊಡ್ಡಪ್ಪ ಇನ್ನೂ ಒಪ್ಪಿಲ್ಲ.

ದೀಪದ ಕಂಬ ಅವರು ಬರೆದಿದ್ದನ್ನು ಅವನಿಗೇ ಓದಲು ಕೊಟ್ಟೆ. ತುಂಬಾ ಹೊತ್ತು ಸುಮ್ಮನಿದ್ದ. ನಿನ್ನೆ ರಾತ್ರಿ ಚಿಕ್ಕಮ್ಮನನ್ನು ಜಗಲಿಗೆ ಕರೆದು, ತಾನೇ ಚಾಪೆ ಹಾಸಿ ಮಲಗಿದ. "ನಾನು ಹೀಗೆ ಬಿದ್ದಿದ್ದರೆ ಏನು ಮಾಡಬೇಕು, ತೋರಿಸುತ್ತೇನೆ ನೋಡು" ಅಂತ ಅವರಿಂದಲೇ ಮಗ್ಗುಲಿಗೆ ಹೊರಳಿಸಿಕೊಂಡ. ಚಿಕ್ಕಮ್ಮ ಅಳುತ್ತಲೇ ಮೂರು ಸಲ ಮಾಡಿದರು.

ದೀಪದ ಕಂಬ
ಉಸಿರು ಕೊಡುವುದನ್ನೂ ಕಲಿಸಿ. ದೊಡ್ಡಪ್ಪನಿಗೂ ಕಲಿಸಿ. ರಾತ್ರಿ ಅವನು ಮಲಗಿದ ಕೋಣೆಯ ಬಾಗಿಲು ಹಾಕಬೇಡಿ.